ಬೆಲೆ ನೋಡುತ್ತಿದ್ದೆ, ಹೂಡಿಕೆಯನ್ನು ನೋಡಲಿಲ್ಲ: ಕಳೆದುಕೊಂಡ ಮೇಲೆ ರೂಢಿಸಿಕೊಂಡ ನಿಗಾ ಕ್ರಮ

ಹೂಡಿದ ಹಣ ಕರಗಿಹೋದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು, "ನಾನು ಸರಿಯಾಗಿ ಗಮನಿಸಲಿಲ್ಲ" ಎಂಬುದು. ನಾನೂ ಹಾಗೆಯೇ ಹೇಳಿಕೊಂಡು ತಿರುಗಿದೆ. ಆದರೆ ಒಂದು ದಿನ ಲೆಕ್ಕ ತೆಗೆದು ಕುಳಿತಾಗ ಆ ಮಾತು ಪೂರ್ತಿ ನಿಜವಲ್ಲ ಎಂಬುದು ತಿಳಿಯಿತು. ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಷೇರು ಕೊಂಡಿದ್ದೆ, ಅದರ ಬೆಲೆಯನ್ನು ವಾರಕ್ಕೆ ಮೂರು ಬಾರಿಯಾದರೂ ಮೊಬೈಲಿನಲ್ಲಿ ನೋಡುತ್ತಿದ್ದೆ. 3 ವರ್ಷಗಳಲ್ಲಿ 400ಕ್ಕೂ ಹೆಚ್ಚು ಸಲ ನೋಡಿರಬೇಕು. ಅದೇ ಅವಧಿಯಲ್ಲಿ ಆ ಕಂಪನಿ ಷೇರುದಾರರಿಗೆ ಕಳುಹಿಸಿದ 41 ಇಮೇಲ್‌ಗಳಲ್ಲಿ ಒಂದನ್ನೂ ತೆರೆದಿರಲಿಲ್ಲ. ಅಂದರೆ ನಾನು ಗಮನಿಸುತ್ತಲೇ ಇದ್ದೆ, ಗಮನಿಸಿದ್ದು ಮಾತ್ರ ಬೇರೆ ವಸ್ತುವನ್ನು. ಬೆಲೆ ಎಂಬುದು ಆ ಹೂಡಿಕೆಯ ಬಗ್ಗೆ ಇತರರು ಇಂದು ಏನು ಅಂದುಕೊಂಡಿದ್ದಾರೆ ಎಂಬುದರ ಸೂಚನೆಯಷ್ಟೇ. ನಾನು ಯಾವ ಕಾರಣಕ್ಕೆ ಹಣ ಹಾಕಿದೆನೋ ಆ ಕಾರಣ ಇನ್ನೂ ಉಳಿದಿದೆಯೇ ಎಂಬುದನ್ನು ಅದು ಹೇಳುವುದಿಲ್ಲ, ಹೇಳಿದರೂ ತೀರಾ ತಡವಾಗಿ ಹೇಳುತ್ತದೆ.

ಮುಂದೆ ಬರೆದಿರುವುದು ಆ ನಷ್ಟದ ನಂತರ ನಾನು ರೂಢಿಸಿಕೊಂಡ ಕ್ರಮ. ಷೇರು, ಬಾಂಡ್, ಮ್ಯೂಚುವಲ್ ಫಂಡ್, ಪರಿಚಯದವರ ವ್ಯವಹಾರಕ್ಕೆ ಕೊಟ್ಟ ಬಂಡವಾಳ, ಇವೆಲ್ಲಕ್ಕೂ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇದನ್ನು ಅನ್ವಯಿಸಬಹುದು.

ಮೊದಲ ಕೆಲಸ: ಹಳೆಯ ನಷ್ಟದ ತಾರೀಖುಪಟ್ಟಿ

ಹೊಸ ನಿಯಮಗಳನ್ನು ಮಾಡಿಕೊಳ್ಳುವ ಮೊದಲು ಹಳೆಯ ನಷ್ಟವೊಂದನ್ನು ಎದುರಿಗಿಟ್ಟುಕೊಂಡು ಕೂರಬೇಕು. ಇದು ಹಿತವಾದ ಕೆಲಸವಲ್ಲ, ಆದರೆ ಇದಿಲ್ಲದೆ ಮಾಡಿದ ನಿಯಮಗಳು ಯಾರದೋ ಅನುಭವದಿಂದ ಎರವಲು ತಂದವಾಗಿರುತ್ತವೆ. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ದಿನಾಂಕ, ಎರಡನೆಯದರಲ್ಲಿ ಅಂದು ಸಾರ್ವಜನಿಕವಾಗಿ ತಿಳಿದುಬಂದ ಸಂಗತಿ, ಮೂರನೆಯದರಲ್ಲಿ ಅಂದಿನ ಬೆಲೆ. ನಾನು ಆ 41 ಇಮೇಲ್‌ಗಳನ್ನು ಒಂದೇ ರಾತ್ರಿ ತೆರೆದು ಈ ಪಟ್ಟಿ ಮಾಡಿದೆ. ಕೊಂಡ ಬೆಲೆಯನ್ನು 100 ಎಂದು ಇಟ್ಟುಕೊಂಡರೆ ಹಾಳೆ ಹೀಗಿತ್ತು: ಹಣಕಾಸು ವಿಭಾಗದ ಮುಖ್ಯಸ್ಥರು "ವೈಯಕ್ತಿಕ ಕಾರಣಗಳಿಂದ" ರಾಜೀನಾಮೆ ಕೊಟ್ಟ ದಿನ ಬೆಲೆ 118. ನಾಲ್ಕು ತಿಂಗಳ ನಂತರ, ತ್ರೈಮಾಸಿಕ ಫಲಿತಾಂಶವನ್ನು ಮುಂದೂಡಿದ ದಿನ 109. ಲೆಕ್ಕಪರಿಶೋಧಕರು ತಮ್ಮ ಅವಧಿ ಮುಗಿಯುವ ಮೊದಲೇ ಹೊರನಡೆದ ದಿನ 96. ಮಾಲೀಕ ಕುಟುಂಬ ತನ್ನ ಷೇರುಗಳಲ್ಲಿ ದೊಡ್ಡ ಪಾಲನ್ನು ಅಡವಿಟ್ಟಿದೆ ಎಂಬ ಪ್ರಕಟಣೆ ಬಂದ ವಾರ 71. ವಹಿವಾಟು ಸ್ಥಗಿತಗೊಳ್ಳುವ ಮೊದಲಿನ ಕೊನೆಯ ಬೆಲೆ 19.

ಹಾಳೆಯನ್ನು ನೋಡುತ್ತಾ ಕುಳಿತಾಗ ನನ್ನನ್ನು ಚುಚ್ಚಿದ್ದು ಕೊನೆಯ ಅಂಕಿಯಲ್ಲ. ಮೊದಲ ಎರಡು ಸೂಚನೆಗಳು ಬಂದಾಗ ನಾನು ಲಾಭದಲ್ಲಿದ್ದೆ. ಮೂರನೆಯದು ಬಂದಾಗಲೂ ಕಳೆದುಕೊಂಡಿದ್ದು ನೂರಕ್ಕೆ ನಾಲ್ಕು ಮಾತ್ರ. ಹೊರಗೆ ಬರಲು ಎಂಟು ತಿಂಗಳ ಕಾಲಾವಕಾಶವಿತ್ತು, ಬಾಗಿಲು ತೆರೆದೇ ಇತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಲ್ಲಿ ಕಾವಲುಗಾರನಿಗೆ ಶತ್ರು ಬರುವುದು ಗೊತ್ತಿರಲಿಲ್ಲ ಎಂದಾದರೂ ಹೇಳಬಹುದು. ನನಗೆ ಓಲೆ ಬಂದಿತ್ತು, ನಾನು ಒಡೆದಿರಲಿಲ್ಲ.

ಅದೇ ಹಾಳೆಯಲ್ಲಿ ಇನ್ನೊಂದು ಸಾಲನ್ನೂ ಬರೆಯಬೇಕಾಯಿತು. ಬೆಲೆ 71ಕ್ಕೆ ಇಳಿದಾಗ "ಅಗ್ಗವಾಯಿತು" ಎಂದು ನಾನು ಮತ್ತೆ 50 ಷೇರು ಕೊಂಡಿದ್ದೆ. ಮೊದಲಿದ್ದ 100 ಷೇರುಗಳಷ್ಟೇ ಆಗಿದ್ದರೆ 10,000ದಲ್ಲಿ 8,100 ನಷ್ಟ, ಅಂದರೆ ಶೇ 81. ಮತ್ತೆ ಕೊಂಡಿದ್ದರಿಂದ 13,550ರಲ್ಲಿ 10,700 ನಷ್ಟ, ಅಂದರೆ ಶೇ 79. ಶೇಕಡಾವಾರು ನೋಡಿದರೆ ಪರಿಸ್ಥಿತಿ ಸುಧಾರಿಸಿದಂತೆ ಕಾಣುತ್ತದೆ, ಕಿಸೆಯಿಂದ ಹೋದದ್ದು ಮಾತ್ರ 2,600 ಹೆಚ್ಚು. ಸರಾಸರಿ ಇಳಿಸುವುದು ಎಂದು ಕರೆಯುವ ಈ ರೂಢಿ ಎಲ್ಲ ಸಂದರ್ಭದಲ್ಲೂ ತಪ್ಪಲ್ಲ. ಬೆಲೆ ಏಕೆ ಇಳಿಯಿತು ಎಂಬುದನ್ನು ಓದದೆ ಮಾಡಿದಾಗ ಅದು ಸೋರುವ ಕೊಡಕ್ಕೆ ಮತ್ತಷ್ಟು ನೀರು ಹೊಯ್ದಂತೆ.

ನೀವು ಪಟ್ಟಿ ಮಾಡುವಾಗ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸಂಗತಿ ಅಂದೇ ನನಗೆ ತಿಳಿಯುವಂತಿತ್ತೇ? ಇತ್ತು ಎಂದಾದರೆ ಅದು ನಿಗಾ ತಪ್ಪಿದ ನಷ್ಟ. ಇರಲಿಲ್ಲ ಎಂದಾದರೆ ಅದು ದುರದೃಷ್ಟ ಅಥವಾ ವಂಚನೆ, ಅದಕ್ಕೆ ಮದ್ದು ಬೇರೆ. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿ "ಮಾರುಕಟ್ಟೆಯೇ ಸರಿಯಿಲ್ಲ" ಎಂದು ಎದ್ದುಹೋಗುವುದು ಸುಲಭ, ಹಾಗೆ ಎದ್ದುಹೋದವರು ಮುಂದಿನ ಸಲವೂ ಅಲ್ಲೇ ಜಾರುತ್ತಾರೆ.

ಕಣ್ಣು ತಪ್ಪಿಸುವ ಅಭ್ಯಾಸ

ಇಮೇಲ್‌ಗಳನ್ನು ತೆರೆಯದಿರುವುದಕ್ಕೆ ಸೋಮಾರಿತನವಷ್ಟೇ ಕಾರಣವಲ್ಲ. ಹೂಡಿಕೆದಾರರು ಮಾರುಕಟ್ಟೆ ಏರುತ್ತಿರುವಾಗ ತಮ್ಮ ಖಾತೆಯನ್ನು ಹೆಚ್ಚು ಬಾರಿ ತೆರೆದು ನೋಡುತ್ತಾರೆ, ಇಳಿಯುತ್ತಿರುವಾಗ ಕಡಿಮೆ ನೋಡುತ್ತಾರೆ ಎಂಬುದನ್ನು ಕಾರ್ಲ್‌ಸನ್, ಲೋವೆನ್‌ಸ್ಟೈನ್ ಮತ್ತು ಸೆಪ್ಪಿ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಮರಳಿನಲ್ಲಿ ತಲೆ ಹುದುಗಿಸುತ್ತದೆ ಎಂದು ಜನ ನಂಬಿರುವ ಹಕ್ಕಿಯ ಹೆಸರಿನಲ್ಲಿ ಇದನ್ನು ಆಸ್ಟ್ರಿಚ್ ಪರಿಣಾಮ ಎಂದು ಕರೆಯುತ್ತಾರೆ. ನಿಗಾ ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ ಕಣ್ಣು ಬೇರೆಡೆ ಹೊರಳುತ್ತದೆ ಎಂದಮೇಲೆ, "ಇನ್ನು ಮುಂದೆ ಜಾಗ್ರತೆಯಾಗಿರುತ್ತೇನೆ" ಎಂಬ ಸಂಕಲ್ಪದಿಂದ ಏನೂ ಆಗುವುದಿಲ್ಲ. ಮನಸ್ಸಿಗೆ ಬಂದಾಗ ನೋಡುವ ಬದಲು ಗೊತ್ತಾದ ದಿನ ನೋಡುವ ಏರ್ಪಾಡು ಬೇಕು.

ಹಾಗೆಂದು ದಿನವೂ ನೋಡುವುದು ಪರಿಹಾರವಲ್ಲ. ಬ್ರಾಡ್ ಬಾರ್ಬರ್ ಮತ್ತು ಟೆರನ್ಸ್ ಓಡಿಯನ್ ಅಮೆರಿಕದ 66,465 ಕುಟುಂಬಗಳ 1991ರಿಂದ 1996ರವರೆಗಿನ ಷೇರು ಖಾತೆಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅತಿ ಹೆಚ್ಚು ಕೊಳ್ಳುವಿಕೆ ಮಾರಾಟ ನಡೆಸಿದವರಿಗೆ ವರ್ಷಕ್ಕೆ ಶೇ 11.4 ಗಳಿಕೆಯಾದರೆ ಮಾರುಕಟ್ಟೆಯ ಗಳಿಕೆ ಶೇ 17.9 ಇತ್ತು. ಸದಾ ನೋಡುವ ಕಣ್ಣು ಕೈಯನ್ನು ಸುಮ್ಮನಿರಲು ಬಿಡದು. ನಿಗಾ ಎಂದರೆ ವಿರಳವಾಗಿ, ಆದರೆ ತಪ್ಪದೆ, ಬೆಲೆಯನ್ನು ಬಿಟ್ಟು ಉಳಿದುದನ್ನು ನೋಡುವುದು ಎಂದು ನಾನು ಈಗ ಅರ್ಥ ಮಾಡಿಕೊಂಡಿದ್ದೇನೆ.

ಕೊಳ್ಳುವ ದಿನವೇ ಬರೆದಿಡಬೇಕಾದ ಹಾಳೆ

ಪ್ರತಿ ಹೂಡಿಕೆಗೂ ಅರ್ಧ ಪುಟ ಸಾಕು. ಅದರಲ್ಲಿ ಮೊದಲಿಗೆ, ಇದನ್ನು ಏಕೆ ಕೊಳ್ಳುತ್ತಿದ್ದೇನೆ ಎಂಬುದನ್ನು ಪರೀಕ್ಷೆಗೆ ಒಳಪಡಿಸಬಹುದಾದ ವಾಕ್ಯದಲ್ಲಿ ಬರೆಯಬೇಕು. "ಒಳ್ಳೆಯ ಕಂಪನಿ" ಎಂಬುದು ಕಾರಣವಲ್ಲ, ಅದು ಅಭಿಪ್ರಾಯ. ಮುಂದೊಂದು ದಿನ ಅದು ಸುಳ್ಳಾಯಿತೆಂದು ಸಾಬೀತು ಮಾಡಲು ದಾರಿಯೇ ಇಲ್ಲ. "ಸಾಲ ವಾರ್ಷಿಕ ಲಾಭದ ಎರಡು ಪಟ್ಟಿಗಿಂತ ಕಡಿಮೆ ಇದೆ, ಯಾವ ಒಬ್ಬ ಗ್ರಾಹಕನೂ ಮಾರಾಟದ ಕಾಲು ಭಾಗಕ್ಕಿಂತ ಹೆಚ್ಚು ಇಲ್ಲ" ಎಂಬುದು ಕಾರಣ, ಏಕೆಂದರೆ ಮುಂದಿನ ವಾರ್ಷಿಕ ವರದಿ ತೆರೆದರೆ ಐದು ನಿಮಿಷದಲ್ಲಿ ಅದು ನಿಂತಿದೆಯೋ ಬಿದ್ದಿದೆಯೋ ತಿಳಿಯುತ್ತದೆ. ಯಾರೋ ಹೇಳಿದರೆಂದು ಕೊಳ್ಳುತ್ತಿದ್ದರೆ ಅದನ್ನೂ ಹಾಗೆಯೇ ಬರೆಯಿರಿ. "ಸಹೋದ್ಯೋಗಿ ಹೇಳಿದರು" ಎಂದು ಸ್ವಂತ ಕೈಯಿಂದ ಬರೆದು ಓದಿಕೊಂಡಾಗ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನ ನೆನಪಾಗಿ ಕೊಳ್ಳುವ ಉತ್ಸಾಹ ಅರ್ಧಕ್ಕೆ ಇಳಿಯುವುದನ್ನು ನಾನು ಕಂಡಿದ್ದೇನೆ.

ಎರಡನೆಯದಾಗಿ, ಏನು ನಡೆದರೆ ಹೊರಬರುತ್ತೇನೆ ಎಂಬುದನ್ನು ಬರೆಯಬೇಕು. ಇದನ್ನು ಕೊಳ್ಳುವ ದಿನವೇ ಬರೆಯುವುದಕ್ಕೆ ಕಾರಣವಿದೆ: ಅಂದು ಆ ವಸ್ತುವಿನ ಮೇಲೆ ನಮಗೆ ಮಮಕಾರ ಹುಟ್ಟಿರುವುದಿಲ್ಲ, ನಷ್ಟದ ನಾಚಿಕೆಯೂ ಇರುವುದಿಲ್ಲ. ನಂತರ ಬರೆಯುವ ಷರತ್ತುಗಳು ನಮ್ಮ ಆಸೆಗೆ ತಕ್ಕಂತೆ ಬಾಗುತ್ತವೆ. ಮೂರನೆಯದು, ಒಟ್ಟು ಉಳಿತಾಯದಲ್ಲಿ ಇದರ ಪಾಲು ಎಷ್ಟನ್ನು ಮೀರಬಾರದು ಎಂಬ ಮಿತಿ. ಕೊನೆಯದು, ಮತ್ತೆ ಯಾವ ದಿನ ತೆರೆದು ನೋಡುತ್ತೇನೆ ಎಂಬ ದಿನಾಂಕ. ಈ ದಿನಾಂಕ ಮೊಬೈಲಿನ ಕ್ಯಾಲೆಂಡರ್‌ನಲ್ಲಿ ಗಂಟೆ ಬಾರಿಸುವಂತಿರಬೇಕು.

ನನ್ನ ಮಟ್ಟಿಗೆ ಬಿಡಿ ಷೇರುಗಳಿಗೆ ಮೂರು ತಿಂಗಳಿಗೊಮ್ಮೆ, ಫಂಡ್‌ಗಳಿಗೆ ಆರು ತಿಂಗಳಿಗೊಮ್ಮೆ, ವ್ಯಕ್ತಿಗಳಿಗೆ ಅಥವಾ ಸಣ್ಣ ವ್ಯವಹಾರಗಳಿಗೆ ಕೊಟ್ಟ ಹಣಕ್ಕೆ ತಿಂಗಳಿಗೊಮ್ಮೆ ಎಂಬ ಲೆಕ್ಕ ಹೊಂದಿಕೊಂಡಿದೆ. ಕೊನೆಯದಕ್ಕೇ ಅತಿ ಹೆಚ್ಚು ನಿಗಾ ಬೇಕು, ಏಕೆಂದರೆ ಅಲ್ಲಿ ವರದಿ ಪ್ರಕಟಿಸಬೇಕೆಂಬ ಕಟ್ಟುಪಾಡು ಯಾರಿಗೂ ಇರುವುದಿಲ್ಲ. ಕೇಳದೆ ಸಾಲ ಕೆಟ್ಟಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನಂಟಿನ ದಾಕ್ಷಿಣ್ಯಕ್ಕೆ ಬಿದ್ದು ಕೇಳದೆ ಉಳಿದರೆ ಹಣದ ಜೊತೆಗೆ ನಂಟೂ ಹೋಗುತ್ತದೆ. ಹಣ ಕೊಡುವಾಗಲೇ "ತಿಂಗಳ ಮೊದಲ ವಾರದಲ್ಲಿ ಬ್ಯಾಂಕ್ ಖಾತೆಯ ವಿವರ ಮತ್ತು ಬರಬೇಕಾದ ಬಾಕಿಯ ಪಟ್ಟಿ ಕಳುಹಿಸಬೇಕು" ಎಂದು ಬರವಣಿಗೆಯಲ್ಲಿ ಒಪ್ಪಿಸಿಕೊಂಡರೆ ಮುಂದೆ ಕೇಳುವುದು ಅನುಮಾನವೆನಿಸುವುದಿಲ್ಲ.

ಪರಿಶೀಲನೆಯ ದಿನ ಏನನ್ನು ಓದಬೇಕು

ವಾರ್ಷಿಕ ವರದಿಯ ಗಾತ್ರ ನೋಡಿಯೇ ಹಲವರು ಕೈಬಿಡುತ್ತಾರೆ. ಪೂರ್ತಿ ಓದುವ ಅಗತ್ಯವಿಲ್ಲ. ಓದುವ ಕ್ರಮವನ್ನು ತಿರುಗಿಸಿಕೊಂಡರೆ ಸಾಕು. ಅಧ್ಯಕ್ಷರ ಪತ್ರ, ಬಣ್ಣದ ಚಿತ್ರಗಳು, ಗುರಿಗಳ ಪುಟಗಳನ್ನು ಬಿಟ್ಟು ನೇರವಾಗಿ ಲೆಕ್ಕಪರಿಶೋಧಕರ ವರದಿಗೆ ಹೋಗಿ. ಅದರಲ್ಲಿ ಅವರು ಯಾವುದಾದರೂ ವಿಷಯಕ್ಕೆ ತಕರಾರು ಎತ್ತಿದ್ದಾರೆಯೇ, ಕಂಪನಿ ಮುಂದುವರಿಯುವ ಸಾಮರ್ಥ್ಯದ ಬಗ್ಗೆ ಶಂಕೆ ವ್ಯಕ್ತಪಡಿಸಿದ್ದಾರೆಯೇ, ಕಳೆದ ವರ್ಷ ಸಹಿ ಹಾಕಿದವರೇ ಈ ವರ್ಷವೂ ಹಾಕಿದ್ದಾರೆಯೇ ಎಂದು ನೋಡಿ. ನಂತರ ನಗದು ಹರಿವಿನ ಪಟ್ಟಿ. ಲಾಭ ವರ್ಷದಿಂದ ವರ್ಷಕ್ಕೆ ಏರುತ್ತಿದ್ದು, ವ್ಯವಹಾರದಿಂದ ಬಂದ ನಗದು ಮಾತ್ರ ಕುಂಟುತ್ತಿದ್ದರೆ, ಆ ಲಾಭ ಇನ್ನೂ ಗ್ರಾಹಕರ ಬಾಕಿಯಲ್ಲಿ ಅಥವಾ ಗೋದಾಮಿನ ಸರಕಿನಲ್ಲಿ ಇದೆ ಎಂದರ್ಥ. ಒಂದು ವರ್ಷ ಹಾಗಾದರೆ ಕಾರಣವಿರಬಹುದು; ಮೂರು ವರ್ಷ ಹಾಗಾದರೆ ನಾನು ಕಾಯುವುದಿಲ್ಲ. ಕೊನೆಗೆ ಸಾಲದ ಮೊತ್ತ, ಅದನ್ನು ತೀರಿಸಬೇಕಾದ ವರ್ಷಗಳು, ಮತ್ತು ಮಾಲೀಕರಿಗೆ ಸಂಬಂಧಿಸಿದ ಇತರ ಸಂಸ್ಥೆಗಳೊಂದಿಗೆ ನಡೆಸಿದ ವ್ಯವಹಾರದ ಟಿಪ್ಪಣಿ. ಅಭ್ಯಾಸವಾದ ಮೇಲೆ ಇದಿಷ್ಟಕ್ಕೆ ಮುಕ್ಕಾಲು ಗಂಟೆ ಬೇಕಾಗುತ್ತದೆ.

ಅಂಕಿಗಳಿಗಿಂತ ಮೊದಲು ಮಾತಾಡುವುದು ಜನರ ಚಲನೆ. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ಮುಖ್ಯ ಕಾರ್ಯನಿರ್ವಾಹಕ ಜೆಫ್ರಿ ಸ್ಕಿಲ್ಲಿಂಗ್ ಹುದ್ದೆ ವಹಿಸಿಕೊಂಡ ಆರೇ ತಿಂಗಳಲ್ಲಿ, 2001ರ ಆಗಸ್ಟ್ 14ರಂದು, ವೈಯಕ್ತಿಕ ಕಾರಣ ಹೇಳಿ ರಾಜೀನಾಮೆ ಕೊಟ್ಟರು. ಒಂದು ವರ್ಷದ ಹಿಂದೆ 90 ಡಾಲರ್ ಮುಟ್ಟಿದ್ದ ಷೇರಿಗೆ ಆ ದಿನ ಇನ್ನೂ 40 ಡಾಲರ್‌ಗಿಂತ ಹೆಚ್ಚು ಬೆಲೆಯಿತ್ತು. ಡಿಸೆಂಬರ್ 2ರಂದು ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ನಡುವೆ ಇದ್ದದ್ದು ಮೂರೂವರೆ ತಿಂಗಳು. ರಾಜೀನಾಮೆಯೊಂದೇ ವಂಚನೆಗೆ ಸಾಕ್ಷಿಯಲ್ಲ, ನಿಜ. ಜನ ನಿಜವಾಗಿಯೂ ವೈಯಕ್ತಿಕ ಕಾರಣಕ್ಕೆ ಹುದ್ದೆ ಬಿಡುತ್ತಾರೆ. ಆದರೆ ಅದು ಮುಂದಿನ ಪರಿಶೀಲನೆಯ ದಿನಾಂಕವನ್ನು ಇಂದಿಗೇ ಎಳೆದು ತರಲು ಸಾಕಷ್ಟು ಕಾರಣ.

ವರದಿ ತಡವಾಗುವುದು ಇನ್ನೂ ಗಂಭೀರ ಸೂಚನೆ. ಹಣ ಪಾವತಿ ಸೇವೆ ನಡೆಸುತ್ತಿದ್ದ ಜರ್ಮನಿಯ ವೈರ್‌ಕಾರ್ಡ್ ಕಂಪನಿ 2018ರ ಸೆಪ್ಟೆಂಬರ್‌ನಲ್ಲಿ ಆ ದೇಶದ ಪ್ರಮುಖ ಸೂಚ್ಯಂಕ ಡಾಕ್ಸ್‌ಗೆ ಸೇರಿತ್ತು. 2019ರ ಆರಂಭದಿಂದಲೇ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಅದರ ಲೆಕ್ಕಗಳ ಬಗ್ಗೆ ಪ್ರಶ್ನೆ ಎತ್ತುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಲೆಕ್ಕಪರಿಶೋಧನಾ ಸಂಸ್ಥೆ ಕೆಪಿಎಂಜಿ ನಡೆಸಿದ ವಿಶೇಷ ಪರಿಶೀಲನೆ, ಕೆಲವು ಪ್ರಮುಖ ಲೆಕ್ಕಗಳಿಗೆ ಬೇಕಾದ ದಾಖಲೆಗಳು ತನಗೆ ಸಿಗಲಿಲ್ಲವೆಂದು ಹೇಳಿತು. ವಾರ್ಷಿಕ ವರದಿ ಮತ್ತೆ ಮತ್ತೆ ಮುಂದೆ ಹೋಯಿತು. ಇಷ್ಟಾದರೂ ಜೂನ್ 17ರಂದು ಷೇರು 100 ಯೂರೋಗಿಂತ ಮೇಲಿತ್ತು. ಮರುದಿನ 1.9 ಶತಕೋಟಿ ಯೂರೋ ನಗದಿಗೆ ಆಧಾರವಿಲ್ಲವೆಂದು ಲೆಕ್ಕಪರಿಶೋಧಕರು ಸಹಿ ಹಾಕಲು ನಿರಾಕರಿಸಿದರು, 25ರಂದು ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಬೆಲೆ ನೋಡಿ ನಿರ್ಧಾರ ಮಾಡುವವನಿಗೆ ಇಲ್ಲಿ ಸಿಕ್ಕಿದ್ದು ಒಂದು ದಿನವೂ ಅಲ್ಲ. ವರದಿಯ ದಿನಾಂಕ ನೋಡುವವನಿಗೆ ವಾರಗಳು ಸಿಕ್ಕಿದ್ದವು. ಆದ್ದರಿಂದ ನನ್ನ ಹಾಳೆಯಲ್ಲಿ ಈಗ ಪ್ರತಿ ಕಂಪನಿಯ ಫಲಿತಾಂಶ ಬರಬೇಕಾದ ದಿನಾಂಕವೂ ಇದೆ, ಆ ದಿನ ಫಲಿತಾಂಶ ಬಾರದಿದ್ದರೆ ಅದನ್ನೇ ಒಂದು ಸುದ್ದಿ ಎಂದು ಪರಿಗಣಿಸುತ್ತೇನೆ.

ಹಣ ಯಾರ ಕೈಯಲ್ಲಿದೆ?

ಏನನ್ನು ಕೊಂಡೆವು ಎಂಬುದರಷ್ಟೇ ಮುಖ್ಯವಾದದ್ದು, ಕೊಂಡದ್ದನ್ನು ಯಾರು ಕಾಯುತ್ತಿದ್ದಾರೆ ಮತ್ತು ಅದು ಇದೆಯೆಂದು ನಮಗೆ ಹೇಳುವವರು ಯಾರು ಎಂಬ ಪ್ರಶ್ನೆ. 233 ವರ್ಷ ಹಳೆಯದಾಗಿದ್ದ ಬ್ರಿಟನ್ನಿನ ಬೇರಿಂಗ್ಸ್ ಬ್ಯಾಂಕ್ 1995ರ ಫೆಬ್ರುವರಿಯಲ್ಲಿ ಕುಸಿದದ್ದು, ಸಿಂಗಪುರದಲ್ಲಿ ವಹಿವಾಟು ನಡೆಸುತ್ತಿದ್ದ ನಿಕ್ ಲೀಸನ್ ಕೈಯಲ್ಲೇ ಆ ವಹಿವಾಟಿನ ಲೆಕ್ಕ ತಾಳೆ ನೋಡುವ ಕೆಲಸವನ್ನೂ ಬಿಟ್ಟಿದ್ದರಿಂದ. 88888 ಎಂಬ ಸಂಖ್ಯೆಯ ಖಾತೆಯಲ್ಲಿ ನಷ್ಟ ಅಡಗುತ್ತಾ ಹೋಗಿ 82.7 ಕೋಟಿ ಪೌಂಡ್ ಆಯಿತು. ಬ್ಯಾಂಕನ್ನು ನೆದರ್ಲೆಂಡ್ಸಿನ ಹಣಕಾಸು ಸಂಸ್ಥೆ ಐಎನ್‌ಜಿ ಒಂದು ಪೌಂಡಿಗೆ ಕೊಂಡಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾಗುವುದಾದರೆ ಬಿಡಿ ಹೂಡಿಕೆದಾರನ ಪಾಡೇನು ಎಂದು ಕೇಳಬಹುದು. ಹೂಡುತ್ತೇನೆಂದು ಗ್ರಾಹಕರ ಹಣ ಪಡೆದು ವಂಚಿಸಿದ ಅಮೆರಿಕದ ಬರ್ನಾರ್ಡ್ ಮ್ಯಾಡಾಫ್ ಪ್ರಕರಣ ಅದಕ್ಕೆ ಉತ್ತರ. 2008ರ ಡಿಸೆಂಬರ್ 11ರಂದು ಅವನ ಬಂಧನವಾದಾಗ ಗ್ರಾಹಕರ ಬಳಿಯಿದ್ದ ವಿವರಪಟ್ಟಿಗಳ ಮೊತ್ತ ಸುಮಾರು 65 ಶತಕೋಟಿ ಡಾಲರ್. ಆ ಪಟ್ಟಿಗಳನ್ನು ಮುದ್ರಿಸುತ್ತಿದ್ದದ್ದು ಅವನದೇ ಕಚೇರಿ, ಹಣ ಇದ್ದದ್ದು ಅವನದೇ ಸುಪರ್ದಿನಲ್ಲಿ, ಲೆಕ್ಕಕ್ಕೆ ಸಹಿ ಹಾಕುತ್ತಿದ್ದದ್ದು ಮೂರು ಜನರ ಒಂದು ಪುಟ್ಟ ಲೆಕ್ಕಪರಿಶೋಧನಾ ಸಂಸ್ಥೆ. ಗ್ರಾಹಕರು ತಮ್ಮ ಪಟ್ಟಿಗಳನ್ನು ನೋಡುತ್ತಿರಲಿಲ್ಲವೆಂದಲ್ಲ. ಎಷ್ಟು ಶ್ರದ್ಧೆಯಿಂದ ನೋಡಿದರೂ ಅವುಗಳಲ್ಲಿ ಸತ್ಯವೇ ಇರಲಿಲ್ಲ.

ಹಾಗಾಗಿ ವರ್ಷಕ್ಕೊಮ್ಮೆಯಾದರೂ ಎರಡು ಬೇರೆ ಬೇರೆ ಕಡೆಯಿಂದ ಲೆಕ್ಕ ತರಿಸಿ ತಾಳೆ ನೋಡಿ. ಬ್ರೋಕರ್ ಕೊಟ್ಟ ಪಟ್ಟಿಯನ್ನು ಷೇರುಗಳನ್ನು ದಾಖಲಿಸಿ ಕಾಯುವ ಸಂಸ್ಥೆಯ ಪಟ್ಟಿಯೊಂದಿಗೆ, ಸಲಹೆಗಾರ ಹೇಳಿದ ಮೊತ್ತವನ್ನು ಫಂಡ್ ಸಂಸ್ಥೆಯಿಂದ ನೇರವಾಗಿ ಬಂದ ವಿವರದೊಂದಿಗೆ ಹೋಲಿಸಿ. ಅಂಕಿಗಳು ಒಂದೇ ಆಗಿದ್ದರೆ ಹತ್ತು ನಿಮಿಷದ ಕೆಲಸ. ಎರಡನೆಯ ಮೂಲವೇ ಇಲ್ಲದಂತಹ ಹೂಡಿಕೆಯಾದರೆ, ಗಳಿಕೆ ಎಷ್ಟೇ ಚೆನ್ನಾಗಿ ಕಂಡರೂ ನಾನು ಅದಕ್ಕೆ ಕೈ ಹಾಕುವುದಿಲ್ಲ. ಜೊತೆಗೆ, ಸಣ್ಣ ಮೊತ್ತವೊಂದನ್ನು ಆಗಾಗ ವಾಪಸ್ ತೆಗೆದು ನೋಡುವ ರೂಢಿಯೂ ಒಳ್ಳೆಯದು; ಆದರೆ ಹಣ ಸುಲಭವಾಗಿ ವಾಪಸ್ ಬಂತೆಂಬುದನ್ನೇ ಪ್ರಮಾಣಪತ್ರವೆಂದು ತಿಳಿಯಬಾರದು, ಮ್ಯಾಡಾಫ್ ಕೂಡ ಕೇಳಿದವರಿಗೆ ವರ್ಷಗಟ್ಟಲೆ ಕೊಡುತ್ತಲೇ ಇದ್ದ.

ಸದ್ದಿಲ್ಲದೆ ಸೋರುವ ಹಣ

ಎಲ್ಲ ನಷ್ಟವೂ ಕುಸಿತದ ರೂಪದಲ್ಲಿ ಬರುವುದಿಲ್ಲ. ವರ್ಷಕ್ಕೆ ಶೇ 7ರಂತೆ ಬೆಳೆಯುವ 100, 30 ವರ್ಷಗಳಲ್ಲಿ 761 ಆಗುತ್ತದೆ. ಅದರಲ್ಲಿ ಶುಲ್ಕವೆಂದು ಶೇ 1.5 ಹೋಗಿ ಶೇ 5.5 ಉಳಿದರೆ ಅದೇ 100 ಆಗುವುದು 498 ಮಾತ್ರ. ಫಂಡ್ ಕೊಳ್ಳುವಾಗ ಶುಲ್ಕ ನೋಡಿದ್ದೆವಲ್ಲ ಎಂದು ಸುಮ್ಮನಿರಬಾರದು. ಶುಲ್ಕ ಬದಲಾಗುತ್ತದೆ, ನಿರ್ವಾಹಕರು ಬದಲಾಗುತ್ತಾರೆ, ಕೆಲವೊಮ್ಮೆ ಫಂಡಿನ ಉದ್ದೇಶವೇ ಬದಲಾಗಿ ಹೆಸರು ಮಾತ್ರ ಹತ್ತಿರಹತ್ತಿರ ಉಳಿದಿರುತ್ತದೆ. ಅವಧಿ ಮುಗಿದ ಬಾಂಡ್‌ನ ಹಣ ಬಡ್ಡಿಯಿಲ್ಲದ ಖಾತೆಯಲ್ಲಿ ಹದಿನಾಲ್ಕು ತಿಂಗಳು ಮಲಗಿದ್ದುದನ್ನು ನಾನು ಕಂಡುಕೊಂಡದ್ದು ಮೇಲೆ ಹೇಳಿದ ಪಟ್ಟಿ ಮಾಡುವಾಗಲೇ. ಮನೆ ಬದಲಿಸಿದಾಗ ವಿಳಾಸ, ಕೆಲಸ ಬದಲಿಸಿದಾಗ ಕಚೇರಿಯ ಇಮೇಲ್, ಮದುವೆ ಅಥವಾ ಮರಣದ ನಂತರ ನಾಮಿನಿಯ ಹೆಸರು, ಇವನ್ನು ತಿದ್ದದೆ ಬಿಟ್ಟರೆ ಸೂಚನೆಗಳು ಬರುತ್ತಲೇ ಇರುತ್ತವೆ, ನಮಗೆ ಮಾತ್ರ ತಲುಪುವುದಿಲ್ಲ.

ಇನ್ನೊಂದು ಸೋರಿಕೆ ಗಳಿಕೆಯ ವೇಷದಲ್ಲಿ ಬರುತ್ತದೆ. 60 ಪಾಲು ಷೇರು, 40 ಪಾಲು ಬಾಂಡ್ ಎಂದು ಆರಂಭಿಸಿದಿರಿ ಎಂದುಕೊಳ್ಳಿ. ಷೇರು ದುಪ್ಪಟ್ಟಾಗಿ ಬಾಂಡ್ ಐದನೇ ಒಂದು ಭಾಗ ಬೆಳೆದರೆ 120 ಮತ್ತು 48 ಆಗಿ, ಷೇರಿನ ಪಾಲು ಶೇ 71ಕ್ಕೆ ಏರುತ್ತದೆ. ನೀವು ಏನನ್ನೂ ಮಾಡದೆಯೇ ನಿಮ್ಮ ಅಪಾಯ ಹೆಚ್ಚಿದೆ, ಮುಂದಿನ ಕುಸಿತ ನೀವು ಒಪ್ಪಿಕೊಂಡದ್ದಕ್ಕಿಂತ ಆಳವಾಗಿ ತಟ್ಟುತ್ತದೆ. ಒಂದೇ ಕಂಪನಿಯ ಪಾಲು ಹೀಗೆ ಬೆಳೆದರಂತೂ ಹೇಳುವುದೇ ಬೇಡ. ಎನ್ರಾನ್ ಉದ್ಯೋಗಿಗಳ ನಿವೃತ್ತಿ ಉಳಿತಾಯ ಯೋಜನೆಯ ಅರ್ಧಕ್ಕಿಂತ ಹೆಚ್ಚು ಹಣ ಅದೇ ಕಂಪನಿಯ ಷೇರಿನಲ್ಲಿತ್ತು. ಕಂಪನಿ ಮುಳುಗಿದಾಗ ಹಲವರ ಕೆಲಸವೂ ಉಳಿತಾಯವೂ ಹೋದವು. ವರ್ಷಕ್ಕೊಮ್ಮೆ ಮಿತಿ ಮೀರಿದ ಪಾಲನ್ನು ಮಾರಿ ಕಡಿಮೆಯಾದ ಕಡೆಗೆ ಹಾಕುವುದು ಬೇಸರದ ಕೆಲಸ, ಚೆನ್ನಾಗಿ ಓಡುತ್ತಿರುವುದನ್ನು ಏಕೆ ಮಾರಬೇಕು ಎಂದು ಮನಸ್ಸು ತಕರಾರು ಮಾಡುತ್ತದೆ. ಮಿತಿಯನ್ನು ಕೊಳ್ಳುವ ದಿನವೇ ಬರೆದಿಟ್ಟಿದ್ದರೆ ಆ ತಕರಾರಿಗೆ ಉತ್ತರ ಹಾಳೆಯಲ್ಲೇ ಇರುತ್ತದೆ.

ಮಾರುವ ನಿರ್ಧಾರ

ಓದಿದ್ದಾಯಿತು, ಕಾರಣ ಬಿದ್ದುಹೋಗಿದೆ ಎಂದು ಗೊತ್ತಾಯಿತು. ಆದರೂ ಕೈ ಏಳುವುದಿಲ್ಲ. ಲಾಭದಲ್ಲಿರುವುದನ್ನು ಬೇಗ ಮಾರಿ, ನಷ್ಟದಲ್ಲಿರುವುದನ್ನು ಹಿಡಿದುಕೊಂಡು ಕೂರುವ ಈ ಪ್ರವೃತ್ತಿಯನ್ನು ಹರ್ಷ್ ಶೆಫ್ರಿನ್ ಮತ್ತು ಮೀರ್ ಸ್ಟಾಟ್‌ಮನ್ 1985ರಲ್ಲೇ ವಿವರಿಸಿದ್ದರು. ಮಾರಿದರೆ ನಷ್ಟ ಅಧಿಕೃತವಾಗುತ್ತದೆ, ಮಾರದಿದ್ದರೆ ಅದು ಕಾಗದದ ಮೇಲಿನದು ಎಂದು ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಕೊಂಡ ಬೆಲೆ ಬಂದ ತಕ್ಷಣ ಹೊರಬರುತ್ತೇನೆ ಎಂಬುದು ಈ ಹಟದ ಇನ್ನೊಂದು ರೂಪ. 100ರಿಂದ 96ಕ್ಕೆ ಇಳಿದದ್ದು ಮೊದಲಿನ ಜಾಗಕ್ಕೆ ಬರಲು ಶೇ 4ರಷ್ಟು ಏರಿದರೆ ಸಾಕು; 71ರಿಂದ ಬರಲು ಶೇ 41 ಬೇಕು; 19ರಿಂದ ಬರಲು ಶೇ 426 ಬೇಕು. ನಾನು ಕೊಂಡ ಬೆಲೆ ನನ್ನೊಬ್ಬನಿಗೆ ಮುಖ್ಯ, ಮಾರುಕಟ್ಟೆಗೆ ಅದು ಗೊತ್ತೂ ಇಲ್ಲ.

"ದೀರ್ಘಾವಧಿಯಲ್ಲಿ ಎಲ್ಲವೂ ಸರಿಹೋಗುತ್ತದೆ" ಎಂಬ ಸಮಾಧಾನವನ್ನೂ ಬಿಡಿಸಿ ನೋಡಬೇಕು. ಜಪಾನಿನ ನಿಕೇಯಿ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ 38,915 ಮುಟ್ಟಿ, ಮತ್ತೆ ಆ ಮಟ್ಟವನ್ನು ದಾಟಿದ್ದು 2024ರ ಫೆಬ್ರುವರಿಯಲ್ಲಿ. 34 ವರ್ಷ ಹಿಡಿದರೂ ಸೂಚ್ಯಂಕ ಮರಳಿತು, ಏಕೆಂದರೆ ಸೂಚ್ಯಂಕದಲ್ಲಿ ಸೋತ ಕಂಪನಿಗಳು ಹೊರಹೋಗಿ ಬೇರೆಯವು ಬರುತ್ತವೆ. ದಿವಾಳಿಯಾದ ಬಿಡಿ ಕಂಪನಿಗೆ ಅಂತಹ ಮರುಹುಟ್ಟು ಇಲ್ಲ. ವಿಶಾಲವಾದ ಸೂಚ್ಯಂಕ ಫಂಡ್, ಅಂದರೆ ಸೂಚ್ಯಂಕದಲ್ಲಿರುವ ಕಂಪನಿಗಳನ್ನೇ ಕೊಂಡಿಟ್ಟುಕೊಳ್ಳುವ ಫಂಡ್, ಶೇ 30 ಕುಸಿದರೆ ನಾನು ಏನೂ ಮಾಡುವುದಿಲ್ಲ. ಬಿಡಿ ಷೇರು ಅಷ್ಟೇ ಕುಸಿದರೆ ಅಂದೇ ಹಾಳೆ ತೆರೆಯುತ್ತೇನೆ. ಎರಡಕ್ಕೂ ಒಂದೇ ತಾಳ್ಮೆಯ ಪಾಠ ಹೇಳುವವರನ್ನು ನಾನು ನಂಬುವುದಿಲ್ಲ.

ಪರಿಶೀಲನೆಯ ದಿನ ನಾನು ಬರೆದ ಕಾರಣ ಬಿದ್ದಿದೆಯೆಂದು ಕಂಡರೆ ಏಳು ದಿನದೊಳಗೆ ಎರಡರಲ್ಲಿ ಒಂದನ್ನು ಮಾಡುತ್ತೇನೆ: ಮಾರುವುದು, ಅಥವಾ ಏಕೆ ಮಾರುತ್ತಿಲ್ಲ ಎಂಬುದನ್ನು ಹೊಸ ಕಾರಣದೊಂದಿಗೆ ಹೊಸ ಹಾಳೆಯಲ್ಲಿ ಬರೆಯುವುದು. ಹಳೆಯ ಹಾಳೆಯನ್ನು ತಿದ್ದುವಂತಿಲ್ಲ. ಹೊಸ ಹಾಳೆ ಬರೆಯಲು ಕುಳಿತಾಗ ಬರೆಯಲು ಏನೂ ತೋಚದೆ ಮಾರಿದ್ದೇ ಹೆಚ್ಚು. ವಹಿವಾಟು ನಿಂತಿರುವ ಷೇರುಗಳ ಮುಂದೆ ಕೊನೆಯ ಬೆಲೆಯ ಬದಲು ಸೊನ್ನೆ ಬರೆಯುತ್ತೇನೆ. ಆ 150 ಷೇರುಗಳು ಇಂದಿಗೂ ನನ್ನ ಪಟ್ಟಿಯಲ್ಲಿ ಸೊನ್ನೆಯ ಎದುರಿಗಿವೆ. ಮುಂದೆ ಏನಾದರೂ ಬಂದರೆ ಬರಲಿ, ಬರುತ್ತದೆಂಬ ಲೆಕ್ಕದಲ್ಲಿ ಬೇರೆ ಯೋಜನೆ ಹಾಕುವಂತಿರಬಾರದು.

ಎಷ್ಟು ನೋಡಲು ಸಾಧ್ಯವೋ ಅಷ್ಟನ್ನೇ ಇಟ್ಟುಕೊಳ್ಳುವುದು

ಆ ರಾತ್ರಿ ಎಣಿಸಿದಾಗ ನನ್ನ ಬಳಿ 31 ಬಗೆಯ ಹೂಡಿಕೆಗಳಿದ್ದವು. ಹಂಚಿ ಹಾಕಿದ್ದೇನೆ, ಅಪಾಯ ಕಡಿಮೆ ಎಂಬ ಭಾವನೆ ನನ್ನದಾಗಿತ್ತು. ವಾಸ್ತವದಲ್ಲಿ 31ನ್ನು ಮೂರು ತಿಂಗಳಿಗೊಮ್ಮೆ ಓದಲು ಕೆಲಸದಲ್ಲಿರುವ ಯಾರಿಗೂ ಬಿಡುವಿರುವುದಿಲ್ಲ. ವರ್ಷಕ್ಕೆ ನೀವು ಎಷ್ಟು ಗಂಟೆ ಕೊಡಬಲ್ಲಿರಿ ಎಂಬುದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಬಿಡಿ ಷೇರೊಂದಕ್ಕೆ ವರ್ಷಕ್ಕೆ ನಾಲ್ಕೈದು ಗಂಟೆ ಬೇಕು ಎಂದಾದರೆ, 20 ಗಂಟೆ ಇರುವವರು ನಾಲ್ಕಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ನಾಲ್ಕೇ ಷೇರುಗಳಲ್ಲಿ ಎಲ್ಲ ಹಣವನ್ನು ಇಡುವುದೂ ಸರಿಯಲ್ಲ. ಹಾಗಾಗಿ ಉಳಿದದ್ದು ಕಡಿಮೆ ಶುಲ್ಕದ ವಿಶಾಲ ಸೂಚ್ಯಂಕ ಫಂಡ್‌ಗೆ ಹೋಗಬೇಕು. ಅದಕ್ಕೆ ವರ್ಷಕ್ಕೆ ಎರಡು ಬಾರಿ ಕಣ್ಣು ಹಾಯಿಸಿದರೆ ನಡೆಯುತ್ತದೆ. ಒಂದು ಗಂಟೆಯೂ ಕೊಡಲಾಗದವರಿಗೆ ಬಿಡಿ ಷೇರು ಬೇಡವೇ ಬೇಡ. ಇದರಲ್ಲಿ ಅವಮಾನವೇನೂ ಇಲ್ಲ.

ಹಾಳೆಗಳು ಎಲ್ಲಿವೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಬೇಕು. ನನ್ನ ತಂಗಿಗೆ ಷೇರು ವ್ಯವಹಾರದಲ್ಲಿ ಆಸಕ್ತಿಯಿಲ್ಲ, ಅದಕ್ಕಾಗಿಯೇ ಅವಳನ್ನು ಆರಿಸಿಕೊಂಡೆ. ವರ್ಷಕ್ಕೊಮ್ಮೆ ನಾನು ಹಾಳೆಗಳನ್ನು ಅವಳ ಮುಂದೆ ಹರಡಿ ಒಂದೊಂದನ್ನೂ ವಿವರಿಸಬೇಕು ಎಂಬುದು ಒಪ್ಪಂದ. ಮೊದಲ ವರ್ಷ 31ರಿಂದ 10ಕ್ಕೆ ಇಳಿಸಿಕೊಂಡು ಹೆಮ್ಮೆಯಿಂದಲೇ ಕುಳಿತಿದ್ದೆ. ಏಳನೆಯ ಹಾಳೆಗೆ ಬಂದಾಗ ಅವಳು ಬೆರಳಿಟ್ಟು, "ಅಣ್ಣ, ಇದರಲ್ಲಿ ಕಾರಣ ಬರೆಯುವ ಜಾಗ ಖಾಲಿ ಇದೆಯಲ್ಲ" ಎಂದಳು. ಅದು ಆ ವರ್ಷ ನನಗೆ ಅತಿ ಹೆಚ್ಚು ಗಳಿಕೆ ತಂದಿದ್ದ ಫಂಡ್. ಏನಾದರೂ ಬರೆಯೋಣವೆಂದು ಪೆನ್ನು ತೆಗೆದೆ, ತುಸು ಹೊತ್ತು ಯೋಚಿಸಿದೆ, ಬರೆಯಲು ಏನೂ ಹೊಳೆಯಲಿಲ್ಲ. ಈಗ ಒಂಬತ್ತು ಹಾಳೆಗಳಿವೆ.